ಹುಟ್ಟಿದ್ದು ಅಲ್ಲಿ, ಇರುವುದು ಇಲ್ಲಿ: ಮುಂಬೈ–ಪುಣೆ ಕನ್ನಡಿಗರಿಗೆ ಸರ್ಕಾರಿ ಪ್ರಮಾಣಪತ್ರಗಳ ಮಾರ್ಗದರ್ಶಿ

ಸರ್ಕಾರಿ ಪ್ರಮಾಣಪತ್ರವೆಂದರೆ ಒಬ್ಬ ಅಧಿಕಾರಿ ತನ್ನ ಕಚೇರಿಯ ದಾಖಲೆ ನೋಡಿ ಒಂದೇ ಒಂದು ಸಂಗತಿಗೆ ಹಾಕಿಕೊಡುವ ಸಹಿ. ಜನನ ಪ್ರಮಾಣಪತ್ರ ಹುಟ್ಟಿದ ದಿನಕ್ಕೂ ಜಾಗಕ್ಕೂ ಸಾಕ್ಷಿ, ಜಾತಿಗಲ್ಲ, ವಾಸಕ್ಕಲ್ಲ. ಆಧಾರ್ ಗುರುತಿಗೆ ಸಾಕ್ಷಿ. ಹುಟ್ಟಿದ ತಾರೀಖಿಗೆ ಅದು ಪುರಾವೆಯಲ್ಲವೆಂದು ಆಧಾರ್ ಪ್ರಾಧಿಕಾರವೇ ಹೇಳಿದೆ. ರೇಷನ್ ಕಾರ್ಡ್ ಇದೆ, ಮತದಾರರ ಚೀಟಿ ಇದೆ, ಇನ್ನೇನು ಬೇಕು ಎಂದು ಕೌಂಟರಿನಲ್ಲಿ ವಾದಿಸುವವರು ಸೋಲುವುದು ಇಲ್ಲಿಯೇ.

ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಇನ್ನೊಂದು ತೊಡಕು. ಹೆರಿಗೆ ತವರಿನಲ್ಲಿ, ಶಾಲೆ ಡೊಂಬಿವಲಿಯಲ್ಲಿ, ಮದುವೆ ಊರಿನ ಸಭಾಭವನದಲ್ಲಿ, ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿ, ನೌಕರಿ ಹಿಂಜೆವಾಡಿಯಲ್ಲಿ. ಒಬ್ಬರದೇ ಕಾಗದಪತ್ರ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತದೆ. ಇದಕ್ಕೆ ಎರಡು ಸೂತ್ರ ಸಾಕು: ಸಂಗತಿ ನಡೆದ ಊರಿನ ಕಚೇರಿಯೇ ಪ್ರಮಾಣಪತ್ರ ಕೊಡಬೇಕು; ಸವಲತ್ತು ಕೊಡುವ ರಾಜ್ಯದ ನಿಯಮವೇ ನಡೆಯುತ್ತದೆ. ಮುಂದಿನದೆಲ್ಲ ಈ ಎರಡರ ವಿಸ್ತಾರ.

ಅರ್ಜಿ ಹಾಕುವ ಮೊದಲು

ಯಾರು ಕೇಳಿದ್ದಾರೆ, ಯಾವ ನಮೂನೆಯಲ್ಲಿ ಕೇಳಿದ್ದಾರೆ, ಯಾವ ಅವಧಿಯದ್ದು ಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ. ‘ಒಬಿಸಿ ಸರ್ಟಿಫಿಕೇಟ್ ತನ್ನಿ’ ಎಂದರೆ ರಾಜ್ಯದ ನಮೂನೆಯೋ ಕೇಂದ್ರದ ನಮೂನೆಯೋ? ಎರಡೂ ಬೇರೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಮಹಾರಾಷ್ಟ್ರದ ಆದಾಯ ದಾಖಲಾ (ಇಲ್ಲಿ ಪ್ರಮಾಣಪತ್ರಕ್ಕೆ ದಾಖಲಾ ಎನ್ನುತ್ತಾರೆ) ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಮಾಡಿಸಿಟ್ಟದ್ದು ಜೂನ್‌ನ ಪ್ರವೇಶಕ್ಕೆ ಬರದು. ಕರ್ನಾಟಕದ ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಸ್ಸು. ಆ ಭರವಸೆಯಲ್ಲಿ ಊರಿನದನ್ನು ಇಲ್ಲಿನ ಕಾಲೇಜಿಗೆ ಕೊಟ್ಟರೆ ಅದು ಮರಳಿ ಕೈಗೆ ಬರುತ್ತದೆ. ಆರ್ಥಿಕವಾಗಿ ಹಿಂದುಳಿದವರ, ಅಂದರೆ ಇಡಬ್ಲ್ಯುಎಸ್ ಪ್ರಮಾಣಪತ್ರವೂ ಆಯಾ ಆರ್ಥಿಕ ವರ್ಷದ್ದೇ ಆಗಬೇಕು. ಅದರಲ್ಲಿ 8 ಲಕ್ಷದ ಆದಾಯ ಮಿತಿಯನ್ನು ಎಲ್ಲರೂ ನೆನಪಿಡುತ್ತಾರೆ, ಆಸ್ತಿಯ ಮಿತಿಯನ್ನು ಮರೆಯುತ್ತಾರೆ. ಬೇರೆ ಬೇರೆ ಊರುಗಳಲ್ಲಿರುವ ಆಸ್ತಿಯನ್ನು ಕೂಡಿಸಿಯೇ ಲೆಕ್ಕ ಹಾಕುವುದರಿಂದ ಊರಿನಲ್ಲಿ 5 ಎಕರೆ ಹೊಲವಿದ್ದರೆ ಚೆಂಬೂರಿನ ಬಾಡಿಗೆ ಖೋಲಿಯಲ್ಲಿದ್ದವರಿಗೂ ಅದು ಸಿಗದು.

ಜನನ: ಬುನಾದಿ ಕಾಗದ

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ನಡೆಯುವುದು ಹುಟ್ಟಿದ ಜಾಗದಲ್ಲಿ, ತಂದೆತಾಯಿ ವಾಸಿಸುವಲ್ಲಿ ಅಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಮುಂಬೈ ಪಾಲಿಕೆಯ ವಾರ್ಡ್ ಕಚೇರಿ ಏನೂ ಮಾಡಲಾರದು. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡಶುಲ್ಕ ಮಾತ್ರ. ಅದಾದ ಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶವಾಗಬೇಕು, ಅದೂ ಹುಟ್ಟಿದ ಊರಿನ ವ್ಯಾಪ್ತಿಯವರದ್ದು.

ಆಸ್ಪತ್ರೆಯವರು ನೋಂದಣಿ ಮಾಡುವ ಹೊತ್ತಿಗೆ ನಾಮಕರಣ ಆಗಿರುವುದಿಲ್ಲ. ಹೆಸರಿನ ಕಾಲಂ ಖಾಲಿ ಇರುವ ಪ್ರಮಾಣಪತ್ರ ಬರುತ್ತದೆ. ಬಾಣಂತನ ಮುಗಿಸಿ ಮುಂಬೈಗೆ ಮರಳುವ ಮೊದಲೇ ಹೆಸರು ಸೇರಿಸಿಬಿಡಿ. 12 ತಿಂಗಳೊಳಗೆ ಶುಲ್ಕವಿಲ್ಲ, 15 ವರ್ಷದವರೆಗೆ ತಡಶುಲ್ಕ ಕೊಟ್ಟು ಸೇರಿಸಬಹುದು. ಆ ಒಂದು ಕಾಲಂಗಾಗಿ ಊರಿಗೆ ರೈಲು ಹತ್ತುವ ಸಂಸಾರಗಳು ಬಹಳ.

2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಈ ಕಾಗದ ಇನ್ನೂ ಮುಖ್ಯ. ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನ್ಮದಿನಾಂಕದ ಪುರಾವೆಯೆಂದರೆ ಇದೊಂದೇ. ಹಳಬರ ವಿಷಯದಲ್ಲಿ ಶಾಲೆ ಬಿಟ್ಟ ಪ್ರಮಾಣಪತ್ರ, ಅಂದರೆ ಎಲ್‌ಸಿ, ಹತ್ತನೆಯ ಅಂಕಪಟ್ಟಿ ನಡೆಯುತ್ತವೆ. ನೋಂದಣಿಯೇ ಆಗದ ಹಿರಿಯರು ಮೊದಲು ಊರಿನ ಕಚೇರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಪಡೆಯಬೇಕು. ಅದಿಲ್ಲದೆ ಆದೇಶದ ಅರ್ಜಿ ಮುಂದೆ ಹೋಗದು.

ಒಬ್ಬ ಮನುಷ್ಯ, ಮೂರು ಹೆಸರು

ಅರ್ಜಿಗಳು ಅತಿ ಹೆಚ್ಚು ಸಿಕ್ಕಿಬೀಳುವ ಜಾಗ ಇದು. ಕರ್ನಾಟಕದಲ್ಲಿ ‘ಮಂಜುನಾಥ ಎಸ್.’ ಎಂದರೆ ಪೂರ್ಣ ಹೆಸರು. ಮಹಾರಾಷ್ಟ್ರದ ಶಾಲೆಗೆ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಮೂರೂ ಬೇಕು, ಅದೂ ಅದೇ ಕ್ರಮದಲ್ಲಿ: ‘ಪಾಟೀಲ ಮಂಜುನಾಥ ಶಿವಪ್ಪ’. ಪಾಸ್‌ಪೋರ್ಟಿನಲ್ಲಿ ಮೂರನೆಯ ರೂಪ. ಅದರ ಮೇಲೆ ಶೆಟ್ಟಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಕಡೆ ವೈಯಿಂದ ಮುಗಿದರೆ ಇನ್ನೊಂದು ಕಡೆ ಐಯಿಂದ ಮುಗಿಯುತ್ತದೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಜನ.

ಸರಿಪಡಿಸುವ ಕ್ರಮ ಬುಡದಿಂದ ಮೇಲಕ್ಕೆ. ತಪ್ಪು ಜನನ ನೋಂದಣಿಯಲ್ಲೇ ಇದ್ದರೆ ಅದೇ ಕಾಯ್ದೆಯ 15ನೆಯ ಕಲಂ ಅಡಿ ನೋಂದಣಾಧಿಕಾರಿಗೆ ಪುರಾವೆ ಕೊಟ್ಟು ತಿದ್ದಿಸಬೇಕು. ಆಮೇಲೆ ಶಾಲೆ, ಆಮೇಲೆ ಆಧಾರ್, ಪ್ಯಾನ್, ಬ್ಯಾಂಕು. ಆಧಾರ್ ಸುಲಭವೆಂದು ಅದನ್ನೇ ಮೊದಲು ತಿದ್ದಿಸಿದವರು ಶಾಲೆಯ ದಾಖಲೆಗೆ ಬಂದಾಗ ಮತ್ತೆ ತಿದ್ದಿಸಬೇಕಾಗುತ್ತದೆ. ಶಾಲೆಯ ತಿದ್ದುಪಡಿಯನ್ನು ಮಗು ಶಾಲೆಯಲ್ಲಿರುವಾಗಲೇ ಮುಗಿಸಿ. ಮುಖ್ಯೋಪಾಧ್ಯಾಯರು ಶಿಕ್ಷಣಾಧಿಕಾರಿಯ ಒಪ್ಪಿಗೆ ತರಿಸಿ ತಿದ್ದಬಹುದು. ಹತ್ತನೆಯ ಬೋರ್ಡಿನ ಅರ್ಜಿ ತುಂಬುವಾಗ ಹೆಸರಿನ ಪ್ರತಿ ಅಕ್ಷರವನ್ನೂ ಜನನ ಪ್ರಮಾಣಪತ್ರ ಎದುರಿಗಿಟ್ಟು ನೋಡಿ. ಬೋರ್ಡಿನ ಅಂಕಪಟ್ಟಿ ಅಚ್ಚಾಗಿ ಎಲ್‌ಸಿ ಕೈಗೆ ಬಂದ ಮೇಲೆ ಅದೇ ಕೆಲಸ ಹತ್ತು ಪಟ್ಟು ಕಷ್ಟ.

ಗೆಜೆಟ್ ಬಗ್ಗೆ ಅತಿಯಾದ ನಂಬಿಕೆ ಬೇಡ. ಮಹಾರಾಷ್ಟ್ರ ರಾಜಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸಲು ಸರ್ಕಾರಿ ಮುದ್ರಣ ಇಲಾಖೆಗೆ ಆನ್‌ಲೈನ್ ಅರ್ಜಿ ಹಾಕಬಹುದು. ಮದುವೆಯ ನಂತರದ ಹೆಸರಿಗೆ, ಅಡ್ಡಹೆಸರು ಸೇರಿಸುವುದಕ್ಕೆ ಅದು ಸರಿಯಾದ ದಾರಿ. ಆದರೆ ಗೆಜೆಟ್ ಹೇಳುವುದು ‘ಇನ್ನು ಮುಂದೆ ಹೀಗೆ’ ಎಂದಷ್ಟೇ. ಹಳೆಯ ಅಂಕಪಟ್ಟಿ ತಾನಾಗಿ ಬದಲಾಗದು. ಹಳೆಯದರ ಜೊತೆಗೆ ಗೆಜೆಟ್ ಪ್ರತಿಯನ್ನು ಜೀವನಪೂರ್ತಿ ಲಗತ್ತಿಸುತ್ತಿರಬೇಕು. ಒಂದೆರಡು ಅಕ್ಷರದ ವ್ಯತ್ಯಾಸಕ್ಕೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ಟನ್ನು ಬ್ಯಾಂಕುಗಳು ಒಪ್ಪುವುದುಂಟು. ಹುಟ್ಟಿದ ತಾರೀಖೇ ಬೇರೆಯಾಗಿದ್ದರೆ ಯಾವ ಅಫಿಡವಿಟ್ಟೂ ಉಪಯೋಗಕ್ಕಿಲ್ಲ.

ಡೊಮಿಸೈಲ್: ಹದಿನೈದು ವರ್ಷಗಳ ಲೆಕ್ಕ

ಮಹಾರಾಷ್ಟ್ರದಲ್ಲಿ ಇದರ ಪೂರ್ಣ ಹೆಸರು ವಯಸ್ಸು, ರಾಷ್ಟ್ರೀಯತೆ ಮತ್ತು ಅಧಿವಾಸ ಪ್ರಮಾಣಪತ್ರ. ರಾಜ್ಯದಲ್ಲಿ 15 ವರ್ಷ ವಾಸವಿದ್ದುದನ್ನು ತೋರಿಸಬೇಕು. ಅರ್ಜಿಯನ್ನು ರಾಜ್ಯ ಸರ್ಕಾರದ ‘ಆಪ್ಲೆ ಸರಕಾರ್’ ಪೋರ್ಟಲಿನಲ್ಲಿ ನೀವೇ ಹಾಕಬಹುದು, ಇಲ್ಲವೇ ಅರ್ಜಿ ತೆಗೆದುಕೊಳ್ಳುವ ಸೇತು ಕೇಂದ್ರಕ್ಕೆ ಹೋಗಬಹುದು. ಮುಂಬೈ ಉಪನಗರ ಜಿಲ್ಲೆಯಲ್ಲಿ ಅಂಧೇರಿ, ಬೋರಿವಲಿ, ಕುರ್ಲಾ ಎಂಬ ಮೂರು ತಾಲೂಕುಗಳಿವೆ; ನಿಮ್ಮ ವಿಳಾಸ ಯಾವುದಕ್ಕೆ ಸೇರುತ್ತದೆ ಎಂದು ನೋಡಿಯೇ ಆರಿಸಿ. ತಾಲೂಕು ತಪ್ಪಿದರೆ ಅರ್ಜಿ ವಾಪಸ್ಸು.

ಬೇಕಾದದ್ದು ಗುರುತಿನ ಪುರಾವೆ, ಈಗಿನ ವಿಳಾಸ, ವಯಸ್ಸಿಗೆ ಎಲ್‌ಸಿ ಅಥವಾ ಜನನ ಪ್ರಮಾಣಪತ್ರ, ಮತ್ತು ವಾಸದ ಸರಣಿ. ಈ ಕೊನೆಯದರಲ್ಲಿಯೇ ಅರ್ಜಿಗಳು ಬೀಳುತ್ತವೆ. ಈ ವರ್ಷದ್ದೊಂದು, ಹದಿನೈದು ವರ್ಷ ಹಿಂದಿನದೊಂದು ಕರೆಂಟ್ ಬಿಲ್ ಕೊಟ್ಟರೆ ನಡುವೆ ನೀವು ಎಲ್ಲಿದ್ದಿರಿ ಎಂಬ ಪ್ರಶ್ನೆ ಏಳುತ್ತದೆ. ಒಂದೊಂದು ವರ್ಷಕ್ಕೂ ಒಂದಾದರೂ ಕಾಗದ ಜೋಡಿಸಿ: ಬಿಲ್ಲು, ಮನೆತೆರಿಗೆ ರಸೀದಿ, ನೋಂದಾಯಿತ ಬಾಡಿಗೆ ಕರಾರು, ಮಕ್ಕಳ ಶಾಲೆಯ ಬೋನಫೈಡ್, ಬ್ಯಾಂಕ್ ಪಾಸ್‌ಬುಕ್ಕಿನ ನಮೂದು. ಮಗು ಒಂದರಿಂದ ಹನ್ನೆರಡರವರೆಗೆ ಇಲ್ಲಿಯೇ ಓದಿದ್ದರೆ ಶಾಲಾ ದಾಖಲೆಗಳೇ ಬಹುಪಾಲು ವರ್ಷಗಳನ್ನು ತುಂಬುತ್ತವೆ. ಮದುವೆಯಾಗಿ ಇಲ್ಲಿಗೆ ಬಂದ ಹೆಣ್ಣುಮಕ್ಕಳು ಗಂಡನ ಡೊಮಿಸೈಲನ್ನೂ ವಿವಾಹ ಪ್ರಮಾಣಪತ್ರವನ್ನೂ ಸೇರಿಸಬೇಕು.

ಹೋಟೆಲಿನಲ್ಲೇ ಮಲಗೆದ್ದು ದುಡಿದವರ ಪಾಡು ಬೇರೆ. ಅವರ ಹೆಸರಿಗೆ ಬಿಲ್ಲೂ ಇಲ್ಲ, ಕರಾರೂ ಇಲ್ಲ. ಮಾಲೀಕರ ಪತ್ರವೊಂದೇ ಸಾಲದು. ಭವಿಷ್ಯನಿಧಿಯ ದಾಖಲೆ, ಹಳೆಯ ಬ್ಯಾಂಕ್ ಖಾತೆ, ಎಲ್‌ಐಸಿ ಪಾಲಿಸಿಯಲ್ಲಿನ ವಿಳಾಸ, ಮತದಾರರ ಪಟ್ಟಿಯ ನಮೂದು, ಇವು ಬಲ ಕೊಡುತ್ತವೆ. ಮುಂಬೈಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರಿಗೆ ಆ ಶಾಲೆಯ ಎಲ್‌ಸಿ ಚಿನ್ನದಂಥ ಪುರಾವೆ. ಶಾಲೆ ಮುಚ್ಚಿದ್ದರೆ ಅದರ ಜನರಲ್ ರಜಿಸ್ಟರ್ ಎಲ್ಲಿ ಸೇರಿದೆ ಎಂದು ಆ ವಲಯದ ಶಿಕ್ಷಣ ನಿರೀಕ್ಷಕರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಡೊಮಿಸೈಲ್ ಒಂದಿದ್ದರೆ ರಾಜ್ಯದ ಕೋಟಾ ಸಿಕ್ಕಿಯೇ ಸಿಗುತ್ತದೆ ಎಂದುಕೊಳ್ಳಬೇಡಿ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಹತ್ತು, ಹನ್ನೆರಡು ಎಲ್ಲಿ ಮುಗಿಸಿದ್ದು ಎಂಬುದನ್ನೂ ನೋಡುತ್ತಾರೆ. ಪಿಯುಸಿಗೆಂದು ಮಗುವನ್ನು ಮಂಗಳೂರು ಕಡೆಯ ಹಾಸ್ಟೆಲಿಗೆ ಕಳಿಸುವ ಮೊದಲು ಆ ವರ್ಷದ ಮಾಹಿತಿ ಪುಸ್ತಿಕೆ ಓದಿ. ಎರಡು ವರ್ಷದಲ್ಲಿ ಇಲ್ಲಿನ ಅರ್ಹತೆ ಹೋಗಬಹುದು, ಅಲ್ಲಿನದು ಹುಟ್ಟದಿರಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ನಿಯಮ ಕೇಳುವುದು ಏಳು ವರ್ಷಗಳ ವ್ಯಾಸಂಗ, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಕರ್ನಾಟಕದಲ್ಲೇ ಪಾಸು ಮಾಡಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಾತೃಭಾಷೆಯವರಿಗೆ ಗಡಿನಾಡಿನ ಪ್ರತ್ಯೇಕ ದಾರಿಯುಂಟು, ಕನ್ನಡ ಪರೀಕ್ಷೆ ಬರೆಯಬೇಕು. ಮುಂಬೈ, ಪುಣೆ ಆ ತಾಲೂಕುಗಳ ಪಟ್ಟಿಯಲ್ಲಿಲ್ಲ.

ಜಾತಿ ಪ್ರಮಾಣಪತ್ರ: ಗಡಿ ದಾಟಿದರೆ ಏನಾಗುತ್ತದೆ

ಜಾತಿ ಮನುಷ್ಯನ ಜೊತೆ ಬರುತ್ತದೆ; ಮೀಸಲಾತಿ ಬರುವುದಿಲ್ಲ. ಒಂದು ರಾಜ್ಯದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರು ವಲಸೆ ಹೋದ ರಾಜ್ಯದಲ್ಲಿ ಆ ಸ್ಥಾನಮಾನ ಪಡೆಯರು ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಎದ್ದದ್ದು ಮುಂಬೈಯ ವೈದ್ಯಕೀಯ ಕಾಲೇಜೊಂದರ ಪ್ರವೇಶದಿಂದಲೇ. ಉದಾಹರಣೆಗೆ ಲಂಬಾಣಿಗರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿ. ವಿಜಯಪುರದ ತಾಂಡಾದಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ ಮಹಾರಾಷ್ಟ್ರದ ಕಾಲೇಜಿನಲ್ಲಿ ಪರಿಶಿಷ್ಟ ಜಾತಿಯ ಸೀಟು ಕೇಳುವಂತಿಲ್ಲ. ಕೇಂದ್ರ ಸರ್ಕಾರದ ನೌಕರಿಗೆ ಅವರ ಕರ್ನಾಟಕದ ಪ್ರಮಾಣಪತ್ರ ನಡೆಯುತ್ತದೆ. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ತಂದೆಯ ಪ್ರಮಾಣಪತ್ರದ ಆಧಾರದ ಮೇಲೆ ವಲಸೆಗಾರರ ನಮೂನೆಯಲ್ಲಿ ಇಲ್ಲಿನ ಅಧಿಕಾರಿಯೇ ಕೊಡಬಹುದು. ಅದರಲ್ಲಿ ಮೂಲ ರಾಜ್ಯದ ಹೆಸರಿರುತ್ತದೆ. ಅದು ಮಹಾರಾಷ್ಟ್ರದ ಮೀಸಲಾತಿಗೆ ಬರುವುದಿಲ್ಲ.

ಮಹಾರಾಷ್ಟ್ರದ ಸ್ವಂತ ಜಾತಿ ದಾಖಲಾ ಬೇಕಾದರೆ ನಿಮ್ಮ ಕುಟುಂಬ ಒಂದು ನಿಶ್ಚಿತ ತಾರೀಖಿಗೆ ಈ ರಾಜ್ಯದಲ್ಲಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪಂಗಡಕ್ಕೆ 1950ರ ಸೆಪ್ಟೆಂಬರ್ 6, ವಿಮುಕ್ತ ಜಾತಿ ಮತ್ತು ಅಲೆಮಾರಿಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13. ನೀವು ಇಲ್ಲಿ ಹುಟ್ಟಿ ನಲವತ್ತು ವರ್ಷ ಬಾಳಿದ್ದರೂ ತಂದೆ 1970ರಲ್ಲಿ ಊರು ಬಿಟ್ಟವರಾದರೆ ಆ ಪುರಾವೆ ಇರುವುದಿಲ್ಲ. ಅಜ್ಜನ ಕಾಲದಿಂದ ಇಲ್ಲಿರುವವರು ಹುಡುಕಬೇಕಾದದ್ದು ಅಜ್ಜ ಅಥವಾ ತಂದೆಯ ಪ್ರಾಥಮಿಕ ಶಾಲೆಯ ದಾಖಲೆ, ಪಾಲಿಕೆಯ ಹಳೆಯ ಜನನ-ಮರಣ ಪುಸ್ತಕದ ನಕಲು, ಗಿರಣಿ, ರೈಲ್ವೆ, ಬಂದರಿನಂಥ ಕಡೆ ದುಡಿದಿದ್ದರೆ ಜಾತಿ ನಮೂದಿರುವ ಸೇವಾ ಪುಸ್ತಕದ ಪುಟ. ತಂದೆಯ ಕಡೆಯ ರಕ್ತಸಂಬಂಧಿ ಯಾರಿಗಾದರೂ ಪಡತಾಳಣಿ, ಅಂದರೆ ಜಾತಿಯ ಪರಿಶೀಲನೆ, ಆಗಿದ್ದರೆ ಅದರ ಪ್ರತಿ ಮತ್ತು ಸಂಬಂಧ ತೋರಿಸುವ ವಂಶಾವಳಿ ದೊಡ್ಡ ಆಸರೆ. ತಾಯಿಯ ಕಡೆಯದು ಸಾಮಾನ್ಯವಾಗಿ ನಡೆಯುವುದಿಲ್ಲ.

ಇಷ್ಟಕ್ಕೇ ಮುಗಿಯಿತೆಂದಲ್ಲ. ದಾಖಲಾ ಕೊಡುವುದು ಕಂದಾಯ ಅಧಿಕಾರಿ. ಅದನ್ನು ಪರಿಶೀಲಿಸಿ ಸಿಂಧುತ್ವ ಪ್ರಮಾಣಪತ್ರ, ಜನರ ಬಾಯಲ್ಲಿ ‘ವ್ಯಾಲಿಡಿಟಿ’, ಕೊಡುವುದು ಜಾತಿ ಪಡತಾಳಣಿ ಸಮಿತಿ. ಮೀಸಲು ಸೀಟಿನ ವೃತ್ತಿಶಿಕ್ಷಣಕ್ಕೂ ನೌಕರಿಗೂ ಚುನಾವಣೆಗೂ ಎರಡನೆಯದೇ ನಿರ್ಣಾಯಕ. ಸಮಿತಿ ಸಂಶಯ ಬಂದರೆ ದಕ್ಷತಾ ಪಥಕದಿಂದ (ತನಿಖಾ ದಳದಿಂದ) ವಿಚಾರಣೆ ಮಾಡಿಸುತ್ತದೆ, ತಿಂಗಳುಗಳು ಹಿಡಿಯಬಹುದು. ಹನ್ನೊಂದನೆಯ ತರಗತಿಯಲ್ಲಿರುವಾಗಲೇ ಅರ್ಜಿ ಹಾಕುವುದು ಜಾಣತನ. ಹಿಂದುಳಿದ ವರ್ಗದವರಿಗೆ ಮೂರನೆಯ ಕಾಗದ ನಾನ್ ಕ್ರೀಮಿಲೇಯರ್, ಅಂದರೆ ಕುಟುಂಬ ಆ ವರ್ಗದ ಉಳ್ಳವರ ಸ್ತರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ. ಜಾತಿಗೆ ಅವಧಿಯಿಲ್ಲ, ಇದಕ್ಕೆ ಇದೆ, ಪ್ರವೇಶದ ತಾರೀಖಿಗೆ ಜೀವಂತವಾಗಿರಬೇಕು.

ಕನ್ನಡದಲ್ಲಿರುವ ಹಳೆಯ ಶಾಲಾ ದಾಖಲೆಯನ್ನು ಹಾಗೆಯೇ ಲಗತ್ತಿಸಿದರೆ ಇಲ್ಲಿನ ಗುಮಾಸ್ತರು ಓದಲಾರರು. ಮರಾಠಿ ಅಥವಾ ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿ ಮಾಡಿಸಿ, ಮೂಲದ ಪ್ರತಿಯ ಹಿಂದೆಯೇ ಜೋಡಿಸಿ. ಜಾತಿಯ ಹೆಸರನ್ನು ಅನುವಾದಕರು ‘ಸುಧಾರಿಸದಂತೆ’ ನೋಡಿಕೊಳ್ಳಿ. ಮೂಲದಲ್ಲಿ ಉಪಜಾತಿ ಇದ್ದರೆ ಅನುವಾದದಲ್ಲೂ ಅದೇ ಇರಬೇಕು.

ಮದುವೆ, ಮರಣ, ವಾರಸು

ಆಮಂತ್ರಣ ಪತ್ರಿಕೆ, ಫೋಟೋ, ಪುರೋಹಿತರ ಸಹಿ, ಮೂವರು ಸಾಕ್ಷಿಗಳು: ಮಹಾರಾಷ್ಟ್ರದ 1998ರ ಕಾಯ್ದೆಯಡಿ ವಿವಾಹ ನೋಂದಣಿಗೆ ಇವು ಮುಖ್ಯ, 90 ದಿನದೊಳಗೆ ಮಾಡಿಸಿದರೆ ಕಿರಿಕಿರಿ ಕಡಿಮೆ. ಮದುವೆ ಊರಿನಲ್ಲಾಗಿದ್ದರೆ ಮಂಟಪ ಯಾವ ಉಪನೋಂದಣಾಧಿಕಾರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ, ಸಾಕ್ಷಿಗಳೆಲ್ಲ ಊರಲ್ಲಿರುವಾಗಲೇ, ಮುಗಿಸಿ ರೈಲು ಹತ್ತುವುದು ಉತ್ತಮ.

ಮರಣ ಪ್ರಮಾಣಪತ್ರವೂ ಸತ್ತ ಜಾಗದ ಕಚೇರಿಯದ್ದು. ಮುಂಬೈಯಲ್ಲಿ ತೀರಿಕೊಂಡ ಅಪ್ಪನ ಹೆಸರು ಊರಿನ ಪಹಣಿಯಲ್ಲಿದ್ದರೆ ಇಲ್ಲಿನ ಮರಣ ಪ್ರಮಾಣಪತ್ರದ ಮೇಲೆ ಊರಿನಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ಮೃತರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಬೇಕು. ಪಹಣಿಯ ಹೆಸರಿಗೂ ಮರಣ ಪ್ರಮಾಣಪತ್ರದ ಹೆಸರಿಗೂ ತಾಳೆಯಾಗದಿರುವುದು ಇಲ್ಲಿ ಮಾಮೂಲು. ಸ್ಮಶಾನದ ಗಡಿಬಿಡಿಯಲ್ಲಿ ಹೆಸರು ಹೇಳುವವರು ಮೃತರ ಆಧಾರ್ ಕೈಯಲ್ಲಿಟ್ಟುಕೊಂಡೇ ಹೇಳಲಿ. ಹತ್ತು ಪ್ರತಿಗಳನ್ನಾದರೂ ಒಮ್ಮೆಗೇ ತೆಗೆದುಕೊಳ್ಳಿ.

ವಂಶವೃಕ್ಷ ಇದೆಯೆಂದು ಮುಂಬೈಯ ಬ್ಯಾಂಕು ಹಣ ಕೊಡಲೇಬೇಕೆಂದಿಲ್ಲ. ಠೇವಣಿ, ಷೇರುಗಳಿಗೆ ನಾಮನಿರ್ದೇಶನವೂ ಇಲ್ಲ, ಉಯಿಲೂ ಇಲ್ಲ ಎಂದಾದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅದು ಸಾಲ ಮತ್ತು ಭದ್ರತಾಪತ್ರಗಳಿಗೆ ಮಾತ್ರ. ಮನೆ, ಜಮೀನಿಗೆ ಅಲ್ಲ. ಮಹಾರಾಷ್ಟ್ರದಲ್ಲಿ ವಾರಸು ಸಾಬೀತಿಗೆ 1827ರ ಮುಂಬೈ ರೆಗ್ಯುಲೇಷನ್ ಅಡಿ ನ್ಯಾಯಾಲಯ ಕೊಡುವ ವಾರಸು ದಾಖಲಾ ಎಂಬ ಇನ್ನೊಂದಿದೆ. ಯಾವುದು ಬೇಕೆಂದು ಕೇಳಿದ ಸಂಸ್ಥೆಯಿಂದ ಲಿಖಿತವಾಗಿ ಪಡೆದ ಮೇಲೆಯೇ ವಕೀಲರ ಬಳಿ ಹೋಗಿ.

ಗೋವಾದವರಿಗೆ ಎರಡು ಮಾತು. ಅಲ್ಲಿಯೂ ನಿವಾಸ ಪ್ರಮಾಣಪತ್ರಕ್ಕೆ ಕೇಳುವುದು 15 ವರ್ಷವನ್ನೇ, ಕೊಡುವುದು ಮಾಮಲತದಾರರು. ಮದುವೆ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡು ಹಂತದಲ್ಲಿ ನಡೆಯುತ್ತದೆ, ಮೊದಲು ಇಚ್ಛೆಯ ಘೋಷಣೆಯ ಸಹಿ, ಅವಧಿ ಕಳೆದ ಮೇಲೆ ಎರಡನೆಯ ಸಹಿ. ಮೊದಲ ಸಹಿಗೇ ಮದುವೆಯಾಯಿತೆಂದು ತಿಳಿದು ಎರಡನೆಯದನ್ನು ಬಿಟ್ಟರೆ ನೋಂದಣಿಯೇ ಆಗಿರುವುದಿಲ್ಲ.

ವಿದೇಶಕ್ಕೆ, ಡಿಜಿಟಲ್ ಪ್ರತಿ, ಮೇಲ್ಮನವಿ

ಗಲ್ಫಿಗೋ ಯುರೋಪಿಗೋ ಹೋಗುವಾಗ ಪ್ರಮಾಣಪತ್ರದ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕಾಗುತ್ತದೆ. ಹೇಗ್ ಒಪ್ಪಂದದ ದೇಶಗಳಿಗೆ ಅಪೋಸ್ಟಿಲ್ ಎಂಬ ಮುದ್ರೆ. ಭಾರತ 2005ರಿಂದ ಅದರಲ್ಲಿದೆ. ಉಳಿದವಕ್ಕೆ ಸಾಮಾನ್ಯ ದೃಢೀಕರಣ ಮತ್ತು ಆ ದೇಶದ ದೂತಾವಾಸದ ಮುದ್ರೆ. ಅದಕ್ಕೂ ಮೊದಲಿನ ರಾಜ್ಯ ಮಟ್ಟದ ದೃಢೀಕರಣವನ್ನು ಕಾಗದ ಕೊಟ್ಟ ರಾಜ್ಯವೇ ಮಾಡುವುದು ರೂಢಿ. ಧಾರವಾಡದ ಪದವಿಪತ್ರ ಹಿಡಿದು ಮುಂಬೈಯ ಮಂತ್ರಾಲಯದ (ಮಹಾರಾಷ್ಟ್ರದ ಸಚಿವಾಲಯದ) ಬಾಗಿಲಲ್ಲಿ ನಿಂತು ಫಲವಿಲ್ಲ. ಲ್ಯಾಮಿನೇಷನ್ ಮಾಡಿಸಿದ ಮೂಲದ ಮೇಲೆ ಮುದ್ರೆ ಕೂರದು. ಯಾವ ಮೂಲಪ್ರತಿಗೂ ಲ್ಯಾಮಿನೇಷನ್ ಬೇಡ.

ಈಗಿನ ಪ್ರಮಾಣಪತ್ರಗಳಲ್ಲಿ ಶಾಯಿಯ ಸಹಿ ಇರುವುದಿಲ್ಲ. ಪಿಡಿಎಫ್ ತೆರೆದಾಗ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಕಾಗದ ಖೋಟಾ ಎಂದರ್ಥವಲ್ಲ. ನಿಮ್ಮ ಕಂಪ್ಯೂಟರ್ ಆ ಸಹಿಯನ್ನು ಇನ್ನೂ ಪರಿಶೀಲಿಸಿಲ್ಲ ಎಂದಷ್ಟೇ. ಡಿಜಿಲಾಕರಿನಲ್ಲಿ ನೇರವಾಗಿ ಬಂದ ಪ್ರತಿ 2016ರ ನಿಯಮಗಳ ಪ್ರಕಾರ ಮೂಲಕ್ಕೆ ಸಮ. ನೀವೇ ಸ್ಕ್ಯಾನ್ ಮಾಡಿ ಅದರಲ್ಲಿ ಹಾಕಿಟ್ಟದ್ದಲ್ಲ. ಏಜೆಂಟರಿಂದ ಬಂದದ್ದಾದರೆ ಕ್ಯುಆರ್ ಕೋಡನ್ನು ಅವರ ಮುಂದೆಯೇ ಸ್ಕ್ಯಾನ್ ಮಾಡಿ ನೋಡಿ, ತೆರೆಯುವ ಪುಟ ಸರ್ಕಾರಿ ಜಾಲತಾಣದ್ದೇ ಎಂದು ವಿಳಾಸ ಓದಿ. ಕರ್ನಾಟಕದ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ ಇರುತ್ತದೆ, ಅದನ್ನು ನಾಡಕಚೇರಿಯ ತಾಣದಲ್ಲಿ ಹಾಕಿ ನೋಡಬಹುದು. ಜಾತಿ, ಆದಾಯ, ನಿವಾಸದ ದಾಖಲಾಗಳ ಅಫಿಡವಿಟ್ಟಿಗೆ 500 ರೂಪಾಯಿಯ ಛಾಪಾ ಕಾಗದ ಬೇಕಿಲ್ಲವೆಂದು ಮಹಾರಾಷ್ಟ್ರದ ಕಂದಾಯ ಖಾತೆ 2025ರಲ್ಲಿ ಸ್ಪಷ್ಟಪಡಿಸಿದೆ. ಈಗಲೂ ಕೇಳುವ ಮಧ್ಯವರ್ತಿಗಳಿದ್ದಾರೆ.

ಅರ್ಜಿ ತಡವಾದರೆ ಅಥವಾ ಬಿದ್ದರೆ ಹೊಸ ಅರ್ಜಿಗೆ ಓಡಬೇಡಿ. ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಕಾಯ್ದೆಯಡಿ ಪ್ರತಿ ಸೇವೆಗೂ ಅವಧಿ ನಿಗದಿಯಾಗಿದೆ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆದು 30 ದಿನದೊಳಗೆ ಮೊದಲ ಮೇಲ್ಮನವಿಯನ್ನು ‘ಆಪ್ಲೆ ಸರಕಾರ್’ ಪೋರ್ಟಲಿನಲ್ಲಿಯೇ ಹಾಕಬಹುದು, ಅಲ್ಲೂ ಆಗದಿದ್ದರೆ ಎರಡನೆಯದು. ಕರ್ನಾಟಕದ ಕಚೇರಿಗಾದರೆ ಸಕಾಲದ (ನಿಗದಿತ ಅವಧಿಯಲ್ಲಿ ಸೇವೆ ಕೊಡುವ ಅಲ್ಲಿನ ವ್ಯವಸ್ಥೆಯ) 15 ಅಂಕಿಯ ಸಂಖ್ಯೆಯೇ ಹಿಡಿಕೆ. ಊರಿಗೆ ಹೋಗಿ ಅರ್ಜಿ ಕೊಟ್ಟು ಬರುವಾಗ ಆ ಚೀಟಿಯ ಫೋಟೋ ತೆಗೆದುಕೊಂಡು ಬಂದರೆ ಮುಂದಿನದನ್ನು ಮುಂಬೈಯಿಂದಲೇ ವಿಚಾರಿಸಬಹುದು.